ಎಚ್‌ಡಿಎಂಐ 1.4, 2.0, 2.1: ಡಬ್ಬದ ಮೇಲಿನ ನಂಬರ್ ನೋಡಿ ಕೇಬಲ್ ಕೊಳ್ಳಬೇಡಿ

ಟಿವಿಗೆ ಚಿತ್ರ, ಶಬ್ದ ಎರಡನ್ನೂ ಒಯ್ಯುವುದು ಎಚ್‌ಡಿಎಂಐ ಕೇಬಲ್. ಅಂಗಡಿಗೆ ಹೋಗಿ ಎಚ್‌ಡಿಎಂಐ 2.1 ಕೇಬಲ್ ಕೊಡಿ ಅಂದರೆ ಕೊಡುತ್ತಾರೆ. ಆದರೆ ಆ ಹೆಸರಿನ ಕೇಬಲ್ ಅಂತ ಒಂದು ಇಲ್ಲವೇ ಇಲ್ಲ. 1.4, 2.0, 2.1 ಇವೆಲ್ಲ ಟಿವಿ, ಪ್ಲೇಸ್ಟೇಷನ್, ಸೌಂಡ್‌ಬಾರ್‌ಗಳಿಗೆ ಅನ್ವಯಿಸುವ ನಂಬರ್‌ಗಳು. ಕೇಬಲ್‌ಗೆ ಬೇರೆಯೇ ಹೆಸರುಗಳಿವೆ: ಸ್ಟ್ಯಾಂಡರ್ಡ್, ಹೈ ಸ್ಪೀಡ್, ಪ್ರೀಮಿಯಂ ಹೈ ಸ್ಪೀಡ್, ಅಲ್ಟ್ರಾ ಹೈ ಸ್ಪೀಡ್. ಕೇಬಲ್ ಮೇಲೆ ವರ್ಷನ್ ನಂಬರ್ ಹಾಕಬಾರದು ಅಂತ ಎಚ್‌ಡಿಎಂಐ ಲೈಸೆನ್ಸ್ ಕೊಡುವ ಸಂಸ್ಥೆಯೇ ಹೇಳುತ್ತದೆ. ಆದರೂ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್.ಪಿ. ರೋಡ್‌ನಲ್ಲಿ ಒಂದು ಸುತ್ತು ಹಾಕಿ ನೋಡಿ, ಅರ್ಧಕ್ಕರ್ಧ ಡಬ್ಬಗಳ ಮೇಲೆ ದೊಡ್ಡದಾಗಿ 2.1, 8ಕೆ, ಗೋಲ್ಡ್ ಪ್ಲೇಟೆಡ್ ಅಂತಲೇ ಇರುತ್ತದೆ.

ನಮ್ಮ ಮನೆಯಲ್ಲಿ 55 ಇಂಚಿನ 4ಕೆ ಟಿವಿ, ಪ್ಲೇಸ್ಟೇಷನ್ 5, ಒಂದು ಸೌಂಡ್‌ಬಾರ್, ಡಿಶ್‌ನ ಸೆಟ್‌ಟಾಪ್ ಬಾಕ್ಸ್, ಮತ್ತೆ ಕೆಲಸಕ್ಕೆ ಲ್ಯಾಪ್‌ಟಾಪ್ ಜೊತೆ ಒಂದು 4ಕೆ ಮಾನಿಟರ್ ಇದೆ. ಇವುಗಳ ಮಧ್ಯೆ ಬೇರೆ ಬೇರೆ ಕೇಬಲ್ ಬದಲಾಯಿಸಿ ನೋಡಿದ್ದೇನೆ. ಯಾವುದು ಎಲ್ಲಿಗೆ ಸಾಕು, ಎಲ್ಲಿ ಜಾಸ್ತಿ ದುಡ್ಡು ಕೊಡಬೇಕು, ಎಲ್ಲಿ ಸುಮ್ನೆ ದಂಡ ಅನ್ನೋದನ್ನು ಬರೆಯುತ್ತೇನೆ. ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಇಲ್ಲಿ ನೋಡಬೇಕಾದ್ದು ಬ್ರ್ಯಾಂಡ್ ಅಲ್ಲ, ಲೇಬಲ್.

ಮೊದಲು ವರ್ಷನ್‌ಗಳ ವಿಚಾರ ಸ್ವಲ್ಪ ತಿಳಿದಿರಲಿ. ಎಚ್‌ಡಿಎಂಐ 1.0 ಬಂದದ್ದು 2002ರ ಡಿಸೆಂಬರ್‌ನಲ್ಲಿ. ಹಿಟಾಚಿ, ಪ್ಯಾನಸಾನಿಕ್, ಫಿಲಿಪ್ಸ್, ಸೋನಿ, ಥಾಮ್ಸನ್, ತೋಷಿಬಾ, ಸಿಲಿಕಾನ್ ಇಮೇಜ್ ಸೇರಿ ಮಾಡಿದ್ದು. ಅದಕ್ಕೂ ಮುಂಚೆ ಟಿವಿ ಹಿಂದೆ ಕೆಂಪು, ಬಿಳಿ, ಹಳದಿ ವೈರ್‌ಗಳ ಗೊಂಚಲು ಇರುತ್ತಿತ್ತಲ್ವಾ, ಅದೆಲ್ಲ ಹೋಗಿ ಚಿತ್ರ, ಶಬ್ದ ಎರಡೂ ಒಂದೇ ವೈರ್‌ನಲ್ಲಿ ಬಂತು. ಆ ಮೊದಲ ವರ್ಷನ್‌ನಲ್ಲೇ 1080ಪಿ (ಫುಲ್ ಎಚ್‌ಡಿ) ಚಿತ್ರ 60 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ, ಹೋಗುತ್ತಿತ್ತು. 1.1, 1.2 ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಕಿಲ್ಲ. 2006ರ 1.3ರಲ್ಲಿ ವೇಗ ಸೆಕೆಂಡಿಗೆ 10.2 ಗಿಗಾಬಿಟ್‌ಗೆ ಏರಿತು, ಬ್ಲೂ-ರೇ ಡಿಸ್ಕ್‌ನ ಡಾಲ್ಬಿ ಟ್ರೂಎಚ್‌ಡಿ ಥರದ ಆಡಿಯೋ ನೇರವಾಗಿ ಹೋಗಲು ದಾರಿಯಾಯಿತು.

ಇವತ್ತಿಗೂ ನಮ್ಮ ಮನೆಗಳಲ್ಲಿ ಜಾಸ್ತಿ ಕಾಣುವುದು 2009ರ 1.4, 2013ರ 2.0, ಮತ್ತು 2017ರ 2.1. 1.4ರಲ್ಲಿ 4ಕೆ ಬಂತು, ಆದರೆ 30 ಹರ್ಟ್ಜ್‌ನಲ್ಲಿ ಮಾತ್ರ. ಎಆರ್‌ಸಿ ಬಂದದ್ದೂ ಅದರಲ್ಲೇ, ಅಂದರೆ ಟಿವಿಯ ಶಬ್ದವನ್ನು ಅದೇ ಕೇಬಲ್‌ನಲ್ಲಿ ಸೌಂಡ್‌ಬಾರ್‌ಗೆ ವಾಪಸ್ ಕಳಿಸುವ ವ್ಯವಸ್ಥೆ. 2.0ಯಲ್ಲಿ ವೇಗ 18 ಗಿಗಾಬಿಟ್ ಆಯಿತು, 4ಕೆ 60 ಹರ್ಟ್ಜ್ ಸಾಧ್ಯವಾಯಿತು. 2015ರಲ್ಲಿ 2.0ಎ ಬಂದಾಗ ಎಚ್‌ಡಿಆರ್ ಸೇರಿತು, ಅಂದರೆ ಬೆಳಕು, ಕತ್ತಲೆ, ಬಣ್ಣಗಳನ್ನು ಇನ್ನೂ ಚೆನ್ನಾಗಿ ತೋರಿಸುವ ವ್ಯವಸ್ಥೆ. 2.1ರಲ್ಲಿ ಒಮ್ಮೆಲೇ 48 ಗಿಗಾಬಿಟ್: 4ಕೆ 120 ಹರ್ಟ್ಜ್, 8ಕೆ 60 ಹರ್ಟ್ಜ್, ಇಎಆರ್‌ಸಿ (ಎಆರ್‌ಸಿಯ ಸುಧಾರಿತ ರೂಪ), ಆಟ ಆಡುವವರಿಗೆ ವಿಆರ್‌ಆರ್ (ಆಟದ ವೇಗಕ್ಕೆ ತಕ್ಕಂತೆ ಟಿವಿಯ ಹರ್ಟ್ಜ್ ಬದಲಾಗುವುದು) ಮತ್ತು ಎಎಲ್ಎಲ್ಎಂ (ಟಿವಿ ತಾನಾಗಿ ಗೇಮ್ ಮೋಡ್‌ಗೆ ಹೋಗುವುದು).

18 ಗಿಗಾಬಿಟ್ ಯಾಕೆ ಬೇಕು ಅಂತ ಕೇಳಿದರೆ ಲೆಕ್ಕ ಹೀಗಿದೆ. 4ಕೆ ಅಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ, ಒಟ್ಟು ಸುಮಾರು 83 ಲಕ್ಷ. ಒಂದೊಂದು ಚುಕ್ಕಿಗೂ ಮೂರು ಬಣ್ಣ ಸೇರಿ 24 ಬಿಟ್. ಇಷ್ಟನ್ನೂ ಸೆಕೆಂಡಿಗೆ 60 ಸಲ ಕಳಿಸಬೇಕು, ಅದರ ಮೇಲೆ ಫ್ರೇಮ್‌ಗಳ ನಡುವಿನ ಖಾಲಿ ಜಾಗ, ಸಿಗ್ನಲ್ ಕೋಡಿಂಗ್‌ನ ಹೆಚ್ಚುವರಿ ಬಿಟ್‌ಗಳು. ಎಲ್ಲ ಸೇರಿ 17.82 ಗಿಗಾಬಿಟ್ ಆಗುತ್ತದೆ. 18ಕ್ಕೆ ಕೂದಲೆಳೆ ಅಂತರ ಅಷ್ಟೆ. ಎಚ್‌ಡಿಆರ್‌ಗೆ ಬಣ್ಣಕ್ಕೆ 8ರ ಬದಲು 10 ಬಿಟ್ ಬೇಕು, ಆಗ ಪೂರ್ತಿ ಬಣ್ಣದ ಮಾಹಿತಿ 18ರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಬಣ್ಣದ ಮಾಹಿತಿಯನ್ನು ಸ್ವಲ್ಪ ಕಡಿತ ಮಾಡಿ, 4:2:2 ಅಥವಾ 4:2:0 ಅಂತ ಕಳಿಸುತ್ತಾರೆ. ಸಿನಿಮಾ ನೋಡುವಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಯಾಕಂದರೆ ಡಿಸ್ಕ್ ಮತ್ತು ಓಟಿಟಿ ಸಿನಿಮಾಗಳು ಮೊದಲೇ 4:2:0 ಆಗಿರುತ್ತವೆ. ಆದರೆ ಟಿವಿಯನ್ನೇ ಕಂಪ್ಯೂಟರ್ ಮಾನಿಟರ್ ಮಾಡಿಕೊಂಡವರಿಗೆ ಕಾಣುತ್ತದೆ. ಬಣ್ಣದ ಹಿನ್ನೆಲೆಯ ಮೇಲಿನ ಸಣ್ಣ ಅಕ್ಷರಗಳ ಅಂಚು ಕಲೆಸಿದಂತೆ ಇರುತ್ತದೆ.

ಈಗ ಕೇಬಲ್‌ಗಳಿಗೆ ಬರೋಣ.

ಮೊದಲನೆಯದು ಸೆಟ್‌ಟಾಪ್ ಬಾಕ್ಸ್ ಡಬ್ಬದಲ್ಲಿ ಬರುವ ಸಣ್ಣ ಕೇಬಲ್. ಅದರ ಬಗ್ಗೆ ಎಲ್ಲರಿಗೂ ಅಸಡ್ಡೆ. ಆದರೆ ಅದರ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ನಮ್ಮ ಎಚ್‌ಡಿ ಚಾನೆಲ್‌ಗಳು ಬರುವುದು ಹೆಚ್ಚಾಗಿ 1080ಐನಲ್ಲಿ, ಅದಕ್ಕೆ 2002ರ ವೇಗವೇ ಮಿಕ್ಕುತ್ತದೆ. ಇದನ್ನು ತೆಗೆದು ಸಾವಿರ ರೂಪಾಯಿಯ ಕೇಬಲ್ ಹಾಕಿದರೆ ಕ್ರಿಕೆಟ್ ಮ್ಯಾಚ್ ಇನ್ನೂ ಕ್ಲಿಯರ್ ಆಗಿ ಕಾಣುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದು ಡಿಜಿಟಲ್ ಸಿಗ್ನಲ್. ಬಿಟ್‌ಗಳು ಸರಿಯಾಗಿ ತಲುಪಿದರೆ ಚಿತ್ರ ಪೂರ್ತಿ ಬರುತ್ತದೆ, ಅದಕ್ಕಿಂತ ಚೆನ್ನಾಗಿ ಬರಲು ದಾರಿಯೇ ಇಲ್ಲ. ಚಿನ್ನದ ಲೇಪನ ತುಕ್ಕು ಹಿಡಿಯದಿರಲಿ ಅಂತ ಇರುವುದು. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಗೆ ಅದು ಒಳ್ಳೆಯದೇ, ಆದರೆ ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೇಬಲ್ ಕೈಕೊಟ್ಟರೆ ಹೇಗೆ ಗೊತ್ತಾಗುತ್ತದೆ ಅನ್ನೋದು ಮುಖ್ಯ. ಚಿತ್ರ ಮಂಕಾಗುವುದಿಲ್ಲ, ಬಣ್ಣ ಮಾಸುವುದಿಲ್ಲ. ಅಲ್ಲಲ್ಲಿ ಬಿಳಿ ಚುಕ್ಕಿಗಳು ಮಿಣುಕ್ ಮಿಣುಕ್ ಅಂತ ಬಂದು ಹೋಗುತ್ತವೆ, ಕತ್ತಲೆಯ ದೃಶ್ಯದಲ್ಲಿ ಚೆನ್ನಾಗಿ ಕಾಣುತ್ತವೆ. ಅದಕ್ಕಿಂತ ಕೆಟ್ಟರೆ ಒಂದೆರಡು ಸೆಕೆಂಡ್ ಪರದೆ ಪೂರ್ತಿ ಕಪ್ಪು, ಶಬ್ದವೂ ಕಟ್, ಆಮೇಲೆ ತಾನಾಗಿ ವಾಪಸ್. ಇನ್ನೂ ಕೆಟ್ಟರೆ ನೋ ಸಿಗ್ನಲ್. ಈ ಮೂರರಲ್ಲಿ ಒಂದು ಕಂಡರೆ ಕೇಬಲ್ ಮೇಲೆ ಅನುಮಾನ ಪಡಿ. ಬೇರೆ ಏನೇ ಕಂಡರೂ ಟಿವಿ ಸೆಟ್ಟಿಂಗ್ ನೋಡಿ.

ಎರಡನೆಯದು ಪ್ರೀಮಿಯಂ ಹೈ ಸ್ಪೀಡ್. ಸಾದಾ ಹೈ ಸ್ಪೀಡ್ ಕೇಬಲ್ ಪರೀಕ್ಷೆ ಆಗಿರುವುದು 10.2 ಗಿಗಾಬಿಟ್‌ವರೆಗೆ. ಒಂದೂವರೆ ಮೀಟರ್ ಉದ್ದದ ಒಳ್ಳೆಯ ಹೈ ಸ್ಪೀಡ್ ಕೇಬಲ್ 4ಕೆ 60 ಹರ್ಟ್ಜ್ ಎಳೆಯುವುದೂ ಉಂಟು, ಉದ್ದ ಜಾಸ್ತಿ ಆದ ಹಾಗೆ ಕೈಕೊಡುತ್ತದೆ. 18 ಗಿಗಾಬಿಟ್ ಪರೀಕ್ಷೆ ಪಾಸಾದವಕ್ಕೆ 2015ರಿಂದ ಪ್ರೀಮಿಯಂ ಅಂತ ಲೇಬಲ್ ಕೊಡುತ್ತಿದ್ದಾರೆ. 4ಕೆ ಸ್ಟ್ರೀಮಿಂಗ್ ಬಾಕ್ಸ್, 4ಕೆ ಬ್ಲೂ-ರೇ ಪ್ಲೇಯರ್, 60 ಹರ್ಟ್ಜ್ ಟಿವಿ ಇರುವವರಿಗೆ ಇದು ಸಾಕು. ನಮ್ಮಲ್ಲಿ ಇದು ಸೌಂಡ್‌ಬಾರ್‌ಗೆ ಹಾಕಿದೆ, ಒಂದು ದಿನವೂ ತಕರಾರು ಮಾಡಿಲ್ಲ.

ಮೂರನೆಯದು ಅಲ್ಟ್ರಾ ಹೈ ಸ್ಪೀಡ್, 48 ಗಿಗಾಬಿಟ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕಂದರೆ ಮೋಸ ನಡೆಯುವುದು ಇಲ್ಲೇ. ಎಸ್.ಪಿ. ರೋಡ್‌ನ ಒಂದು ಅಂಗಡಿಯಲ್ಲಿ ಕೇಳಿದಾಗ ಹುಡುಗ ಡಬ್ಬ ತೆಗೆದು ಕೌಂಟರ್ ಮೇಲಿಟ್ಟು "ಸರ್, ಇದು 2.1, ಒರಿಜಿನಲ್, 8ಕೆ ಬರುತ್ತೆ" ಅಂದ. ದಪ್ಪ ಕೇಬಲ್, ಮೇಲೆ ನೈಲಾನ್ ಹೆಣಿಗೆ, ಲೋಹದ ತಲೆ, ನೋಡಲು ಗಟ್ಟಿಮುಟ್ಟು. ಮನೆಗೆ ತಂದು ಪ್ಲೇಸ್ಟೇಷನ್‌ಗೆ ಹಾಕಿದರೆ 60 ಹರ್ಟ್ಜ್‌ನಲ್ಲಿ ಆರಾಮಾಗಿತ್ತು. 120 ಹರ್ಟ್ಜ್ ಇರುವ ಆಟ ಶುರು ಮಾಡಿದ ಕೂಡಲೇ ಪರದೆ ಕಪ್ಪಾಗಿ, ಮತ್ತೆ ಬಂದು, ಮತ್ತೆ ಕಪ್ಪಾಗುತ್ತಿತ್ತು. ಪ್ಲೇಸ್ಟೇಷನ್ ಜೊತೆ ಬಂದ ಕೇಬಲ್ ಹಾಕಿದರೆ ಅದೇ ಪೋರ್ಟ್, ಅದೇ ಆಟ, ಯಾವ ತೊಂದರೆಯೂ ಇಲ್ಲ. ವಾಪಸ್ ಕೊಟ್ಟಾಗ ಅಂಗಡಿಯವರು ಜಗಳ ಮಾಡದೆ ಬದಲಾಯಿಸಿಕೊಟ್ಟರು, ಅದಕ್ಕೆ ಅವರಿಗೆ ಧನ್ಯವಾದ. ಆದರೆ ಆ ಡಬ್ಬದ ಮೇಲೆ ಅಲ್ಟ್ರಾ ಹೈ ಸ್ಪೀಡ್ ಅನ್ನುವ ಪದವೇ ಇರಲಿಲ್ಲ. 2.1 ಅಂತ ಮಾತ್ರ ಇತ್ತು.

ಅಸಲಿ ಕೇಬಲ್‌ನ ಡಬ್ಬದ ಮೇಲೆ ಒಂದು ಲೇಬಲ್ ಅಂಟಿಸಿರುತ್ತಾರೆ. ಅದರಲ್ಲಿ ಅಲ್ಟ್ರಾ ಹೈ ಸ್ಪೀಡ್ ಎಚ್‌ಡಿಎಂಐ ಕೇಬಲ್ ಅಂತ ಬರೆದಿರುತ್ತದೆ, ಪಕ್ಕದಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಎಚ್‌ಡಿಎಂಐನವರದ್ದೇ ಒಂದು ಆ್ಯಪ್ ಇದೆ, ಅದರಲ್ಲಿ ಸ್ಕ್ಯಾನ್ ಮಾಡಿದರೆ ಕಂಪನಿ, ಮಾಡೆಲ್, ಉದ್ದ ಎಲ್ಲ ತೋರಿಸಿ, ಸರ್ಟಿಫೈ ಆಗಿದೆಯಾ ಇಲ್ವಾ ಹೇಳುತ್ತದೆ. ಅಂಗಡಿಯಲ್ಲಿ ನಿಂತೇ ಮಾಡಬಹುದು. ಆ್ಯಪ್‌ನಲ್ಲಿ ತೋರಿಸಿದ ಉದ್ದ ಮತ್ತು ಕೈಯಲ್ಲಿರುವ ಕೇಬಲ್‌ನ ಉದ್ದ ಒಂದೇನಾ ನೋಡಿ. ಸರ್ಟಿಫಿಕೇಟ್ ಪ್ರತಿ ಉದ್ದಕ್ಕೂ ಬೇರೆ, ಒಂದು ಮೀಟರ್ ಪಾಸಾದ ಮಾತ್ರಕ್ಕೆ ಮೂರು ಮೀಟರ್ ಪಾಸಾಗಿದೆ ಅಂತ ಅಲ್ಲ. ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಸ್ಕ್ಯಾನ್ ಮಾಡಿಯೇ ದುಡ್ಡು ಕೊಡಿ. ನಾನು ಈಗ ಬಳಸುತ್ತಿರುವ ಎರಡು ಮೀಟರ್‌ನದ್ದು ಸಾವಿರ ರೂಪಾಯಿ ಆಸುಪಾಸಿಗೆ ಸಿಕ್ಕಿತು. ಎರಡು ಮೀಟರ್ ಕೇಬಲ್‌ಗೆ ನಾಲ್ಕೈದು ಸಾವಿರ ಕೇಳುವವರ ಹತ್ತಿರ ಹೋಗಲೇಬೇಡಿ.

ಪ್ಲೇಸ್ಟೇಷನ್ 5 ಇರುವವರಿಗೆ ಒಂದು ಮಾತು. ಅದರ ಡಬ್ಬದಲ್ಲಿ ಬರುವ ಕೇಬಲ್ಲೇ ಅಲ್ಟ್ರಾ ಹೈ ಸ್ಪೀಡ್. ಅದನ್ನು ಎತ್ತಿ ಅಟ್ಟಕ್ಕೆ ಹಾಕಿ ಹೊಸದು ಕೊಳ್ಳುವವರನ್ನು ನೋಡಿ ನಿಜಕ್ಕೂ ಬೇಜಾರಾಗುತ್ತದೆ. ಉದ್ದ ಸಾಲದಿದ್ದರೆ ಮಾತ್ರ ಬೇರೆ ತಗೊಳ್ಳಿ. ಹಾಕಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಮತ್ತು ವಿಡಿಯೋ ಒಳಗೆ ಹೋದರೆ ವಿಡಿಯೋ ಔಟ್‌ಪುಟ್ ಮಾಹಿತಿ ಅಂತ ಒಂದು ಪುಟ ಇದೆ. ಈಗ ಹೋಗುತ್ತಿರುವ ರೆಸಲ್ಯೂಷನ್, ಎಷ್ಟು ಹರ್ಟ್ಜ್, ಬಣ್ಣ ಆರ್‌ಜಿಬಿಯಾ (ಪೂರ್ತಿ ಬಣ್ಣ) ವೈಯುವಿ 422ಆ (ಮೇಲೆ ಹೇಳಿದ ಕಡಿತದ 4:2:2), ಎಲ್ಲ ಅಲ್ಲೇ ಕಾಣುತ್ತದೆ. 120 ಹರ್ಟ್ಜ್ ಎಚ್‌ಡಿಆರ್‌ನಲ್ಲಿ ವೈಯುವಿ 422 ಅಂತ ತೋರಿಸಿದರೆ ಕೇಬಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ಪ್ಲೇಸ್ಟೇಷನ್ 5 ಕಳಿಸುವುದೇ 32 ಗಿಗಾಬಿಟ್‌ವರೆಗೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 40ರವರೆಗೆ ಕಳಿಸುತ್ತದೆ. ಎರಡನ್ನೂ ಕರೆಯುವುದು 2.1 ಅಂತಲೇ, ಆದರೆ ಎರಡೂ 48 ಅಲ್ಲ.

ಇಲ್ಲಿಗೆ ದೊಡ್ಡ ಗೊಂದಲ ಬರುತ್ತದೆ. ಟಿವಿ ಮೇಲೆ ಎಚ್‌ಡಿಎಂಐ 2.1 ಅಂತ ಬರೆದಿದ್ದರೆ 4ಕೆ 120 ಹರ್ಟ್ಜ್ ಬರಲೇಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. 2.1ರ ನಿಯಮದ ಪ್ರಕಾರ ಅದರ ಹೊಸ ಸೌಲಭ್ಯಗಳೆಲ್ಲ ಐಚ್ಛಿಕ. 2.0 ಅನ್ನೋದನ್ನು 2.1ರೊಳಗೆ ಸೇರಿಸಿಬಿಟ್ಟಿದ್ದಾರೆ, ಹಾಗಾಗಿ 18 ಗಿಗಾಬಿಟ್ ಮಾತ್ರ ಬರುವ ಪೋರ್ಟ್ ಇಟ್ಟುಕೊಂಡೂ 2.1 ಅಂತ ಹಾಕಬಹುದು. 2021ರ ಕೊನೆಯಲ್ಲಿ ಈ ವಿಷಯ ಬಯಲಿಗೆ ಬಂದಾಗ ದೊಡ್ಡ ಚರ್ಚೆಯಾಯಿತು. ಕಂಪನಿಗಳು ಯಾವ ಯಾವ ಸೌಲಭ್ಯ ಇದೆ ಅಂತ ಸ್ಪಷ್ಟವಾಗಿ ಬರೆಯಬೇಕು ಅನ್ನುವ ನಿಯಮ ಇದೆ. ಆದರೆ ಆನ್‌ಲೈನ್ ಸೇಲ್ ಸಮಯದಲ್ಲಿ ಜಾಹೀರಾತಿನಲ್ಲಿ 2.1 ದಪ್ಪಕ್ಷರದಲ್ಲಿ, ಪ್ಯಾನೆಲ್ 60 ಹರ್ಟ್ಜ್ ಅನ್ನೋದು ಎಲ್ಲೋ ಕೆಳಗೆ. ಅಂಥ ಟಿವಿಯಲ್ಲಿ 2.1 ಅಂದರೆ ಹೆಚ್ಚಾಗಿ ಇಎಆರ್‌ಸಿ, ಎಎಲ್ಎಲ್ಎಂ ಥರದ್ದು ಇದೆ ಅಂತ ಅರ್ಥ ಅಷ್ಟೆ. ಗ್ರಾಹಕರಿಗೆ ಇದು ಅನ್ಯಾಯ, ನನಗೆ ಇದರ ಬಗ್ಗೆ ಸಿಟ್ಟೇ ಇದೆ. ಟಿವಿ ಕೊಳ್ಳುವಾಗ ವರ್ಷನ್ ಕೇಳಬೇಡಿ. 4ಕೆ 120 ಹರ್ಟ್ಜ್ ತಗೊಳ್ಳುತ್ತಾ, ಎಷ್ಟು ಪೋರ್ಟ್‌ಗಳಲ್ಲಿ ತಗೊಳ್ಳುತ್ತೆ, ವಿಆರ್‌ಆರ್ ಇದೆಯಾ, ಇಎಆರ್‌ಸಿ ಯಾವ ಪೋರ್ಟ್‌ನಲ್ಲಿದೆ, ಹೀಗೆ ಕೇಳಿ.

ಎಷ್ಟು ಪೋರ್ಟ್ ಅನ್ನೋದು ಯಾಕೆ ಮುಖ್ಯ ಅಂದರೆ, ತುಂಬಾ ಟಿವಿಗಳಲ್ಲಿ ನಾಲ್ಕು ಪೋರ್ಟ್ ಇದ್ದರೂ 120 ಹರ್ಟ್ಜ್ ಬರುವುದು ಎರಡರಲ್ಲಿ ಮಾತ್ರ, ಅದರಲ್ಲಿ ಒಂದು ಇಎಆರ್‌ಸಿ ಪೋರ್ಟ್ ಆಗಿರುತ್ತದೆ. ಸೌಂಡ್‌ಬಾರ್ ಅಲ್ಲಿ ಕೂತರೆ ಉಳಿಯುವುದು ಒಂದೇ. ನಮ್ಮ ಮನೆಯಲ್ಲೂ ಹೀಗೇ. ಪೋರ್ಟ್ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 4ಕೆ 120 ಅಂತ ಬರೆದಿರುತ್ತಾರೆ, ಟಿವಿಯನ್ನು ಗೋಡೆಗೆ ಹಾಕುವ ಮುಂಚೆಯೇ ಮೊಬೈಲ್‌ನಲ್ಲಿ ಹಿಂಬದಿಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಕುತ್ತಿಗೆ ತಿರುಚುವುದು ತಪ್ಪುತ್ತದೆ.

ಸರಿಯಾದ ಕೇಬಲ್, ಸರಿಯಾದ ಪೋರ್ಟ್ ಹಾಕಿದರೂ ಎಚ್‌ಡಿಆರ್ ಬರುತ್ತಿಲ್ಲ, 120 ಬರುತ್ತಿಲ್ಲ ಅಂದರೆ ಟಿವಿ ಮೆನು ನೋಡಿ. ಹಲವು ಟಿವಿಗಳಲ್ಲಿ ಪೋರ್ಟ್ ಪೂರ್ತಿ ವೇಗದಲ್ಲಿ ಕೆಲಸ ಮಾಡಲು ಒಂದು ಸ್ವಿಚ್ ಆನ್ ಮಾಡಬೇಕು. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್, ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್ ಒಳಗೆ ಎನ್‌ಹಾನ್ಸ್ಡ್. ಹಳೆಯ ಸಾಧನಗಳು ತಕರಾರು ಮಾಡದಿರಲಿ ಅಂತ ಇದನ್ನು ಕೆಲವರು ಆಫ್ ಇಟ್ಟೇ ಕಳಿಸುತ್ತಾರೆ. ಇದು ಗೊತ್ತಿಲ್ಲದೆ ಒಳ್ಳೆಯ ಕೇಬಲ್ ಬಿಸಾಡಿದವರು ಎಷ್ಟೋ ಜನ ಇದ್ದಾರೆ.

ಸೌಂಡ್‌ಬಾರ್ ವಿಷಯ. ಎಆರ್‌ಸಿ ಸಾಕಾ, ಇಎಆರ್‌ಸಿ ಬೇಕಾ? ಓಟಿಟಿಯಲ್ಲಿ ಬರುವ ಅಟ್ಮಾಸ್ (ಸುತ್ತಲಿಂದಲೂ ಮೇಲಿನಿಂದಲೂ ಕೇಳುವ ಡಾಲ್ಬಿ ಶಬ್ದ) ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನುವ ಆಡಿಯೋ ಒಳಗೆ ಕೂತು ಬರುತ್ತದೆ, ಅದು ಎಆರ್‌ಸಿಯಲ್ಲೂ ಹೋಗಬಲ್ಲದು, ಟಿವಿ ಮತ್ತು ಸೌಂಡ್‌ಬಾರ್ ಎರಡೂ ಅದಕ್ಕೆ ಒಪ್ಪಿದರೆ ಆಯಿತು. ಬ್ಲೂ-ರೇ ಡಿಸ್ಕ್‌ನ ಟ್ರೂಎಚ್‌ಡಿ ಅಟ್ಮಾಸ್ ಬೇಕು ಅಂದರೆ ಮಾತ್ರ ಇಎಆರ್‌ಸಿ ಬೇಕೇ ಬೇಕು. ಹಾಗಾದರೆ ಡಿಸ್ಕ್ ನೋಡದವರಿಗೆ ಇಎಆರ್‌ಸಿ ದಂಡವಾ? ಅಲ್ಲ. ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದಲ್ಲ, ಅದನ್ನು ಸರಿಪಡಿಸುವ ವ್ಯವಸ್ಥೆ ಎಆರ್‌ಸಿಯಲ್ಲಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು, ಆದರೆ ಇಎಆರ್‌ಸಿಯಲ್ಲಿ ಕಡ್ಡಾಯ. ಇದೊಂದಕ್ಕೇ ನಾನು ಇಎಆರ್‌ಸಿಗೆ ಓಟು ಹಾಕುತ್ತೇನೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. 1.4ರಲ್ಲಿ ಎಚ್‌ಡಿಎಂಐ ಕೇಬಲ್‌ನಲ್ಲೇ ಇಂಟರ್‌ನೆಟ್ ಕಳಿಸುವ ಈಥರ್‌ನೆಟ್ ಚಾನೆಲ್ ತಂದಿದ್ದರು, ಅದನ್ನು ಯಾರೂ ಬಳಸಲೇ ಇಲ್ಲ ಅನ್ನಬಹುದು. ಆದರೆ ಅದಕ್ಕೆ ಅಂತ ಹಾಕಿದ್ದ ತಂತಿ ಜೋಡಿಯನ್ನೇ ಇಎಆರ್‌ಸಿ ಈಗ ಬಳಸುತ್ತದೆ. ಹಾಗಾಗಿ ಹಳೆಯ ಕೇಬಲ್ ಮೇಲೆ ವಿತ್ ಈಥರ್‌ನೆಟ್ ಅಂತ ಇದ್ದರೆ ಅದನ್ನು ಸೌಂಡ್‌ಬಾರ್‌ಗೆ ಧೈರ್ಯವಾಗಿ ಹಾಕಿ ನೋಡಬಹುದು.

ಮನೆಯಿಂದ ಕೆಲಸ ಮಾಡುವವರು ಇದನ್ನು ಓದಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ 1.4ರದ್ದೇ ಇರುತ್ತದೆ. 4ಕೆ ಮಾನಿಟರ್‌ಗೆ ಹಾಕಿದರೆ 30 ಹರ್ಟ್ಜ್‌ಗೆ ನಿಲ್ಲುತ್ತದೆ, ಮೌಸ್ ಬಾಣ ಎಳೆದೆಳೆದು ಬರುತ್ತದೆ, ಪುಟ ಸ್ಕ್ರೋಲ್ ಮಾಡಿದರೆ ಕಣ್ಣು ನೋಯುತ್ತದೆ. ಇಲ್ಲಿ ಎಂಥ ಕೇಬಲ್ ತಂದರೂ ಉಪಯೋಗ ಇಲ್ಲ, ಎರಡು ತುದಿಯ ಸಾಧನಗಳು ಮತ್ತು ಕೇಬಲ್, ಈ ಮೂರರಲ್ಲಿ ಯಾವುದು ನಿಧಾನವೋ ಅದರ ವೇಗವೇ ಎಲ್ಲರ ವೇಗ. ಲ್ಯಾಪ್‌ಟಾಪ್‌ನ ಟೈಪ್-ಸಿ ಪೋರ್ಟ್‌ನಿಂದ ಮಾನಿಟರ್‌ನ ಡಿಸ್‌ಪ್ಲೇಪೋರ್ಟ್‌ಗೆ (ಎಚ್‌ಡಿಎಂಐ ಥರದ್ದೇ ಇನ್ನೊಂದು ಪೋರ್ಟ್) ಹೋಗುವ ಕೇಬಲ್ ಹಾಕಿದರೆ 60 ಸಿಗುವ ಸಾಧ್ಯತೆ ಜಾಸ್ತಿ, ಆ ಪೋರ್ಟ್‌ನಲ್ಲಿ ವಿಡಿಯೋ ಬರುತ್ತದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ಟೈಪ್-ಸಿ ಹಬ್ ಕೊಳ್ಳುವಾಗಲೂ ಹುಷಾರು. ಕಡಿಮೆ ಬೆಲೆಯ ಹಬ್‌ಗಳ ಮೇಲೆ 4ಕೆ ಅಂತ ದೊಡ್ಡದಾಗಿ, 30 ಹರ್ಟ್ಜ್ ಅಂತ ಚಿಕ್ಕದಾಗಿ ಇರುತ್ತದೆ. ಲಿನಕ್ಸ್‌ನಲ್ಲಿ ಎಎಂಡಿ ಗ್ರಾಫಿಕ್ಸ್ ಬಳಸುವವರಂತೂ ಡಿಸ್‌ಪ್ಲೇಪೋರ್ಟ್ ಕಡೆಗೇ ಹೋಗುವುದು ವಾಸಿ. ಮುಕ್ತ (ಓಪನ್ ಸೋರ್ಸ್) ಡ್ರೈವರ್‌ನಲ್ಲಿ 2.1 ಕೊಡುತ್ತೇವೆ ಅಂತ ಎಎಂಡಿ ಕೇಳಿದಾಗ 2024ರಲ್ಲಿ ಎಚ್‌ಡಿಎಂಐ ನಿಯಮ ರೂಪಿಸುವ ಎಚ್‌ಡಿಎಂಐ ಫೋರಂ ಆಗಲ್ಲ ಅಂದುಬಿಟ್ಟಿತು.

ಎಚ್‌ಡಿಸಿಪಿ ಅನ್ನುವ ಬೀಗ ಒಂದಿದೆ, ಇಂಟೆಲ್ ಮಾಡಿದ್ದು, ಕಾಪಿ ತಡೆಯಲು. 4ಕೆ ಸಿನಿಮಾಗಳಿಗೆ ಅದರ 2.2 ಬೇಕು. ಹಳೆಯ ರಿಸೀವರ್ ಅಥವಾ ಸ್ವಿಚ್ ಡಬ್ಬ ಮಧ್ಯದಲ್ಲಿದ್ದು ಅದರಲ್ಲಿ ಹಳೆಯ ಎಚ್‌ಡಿಸಿಪಿ ಇದ್ದರೆ ಚಿತ್ರ 1080ಪಿಗೆ ಇಳಿಯುತ್ತದೆ ಅಥವಾ ಬರುವುದೇ ಇಲ್ಲ. ಎಚ್‌ಡಿಎಂಐ 2.2 ಬೇರೆ, ಎಚ್‌ಡಿಸಿಪಿ 2.2 ಬೇರೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಹೊಸ ಮನೆ ಕಟ್ಟಿಸುವವರು, ಪ್ರೊಜೆಕ್ಟರ್ ಹಾಕಿಸುವವರು ಉದ್ದದ ಬಗ್ಗೆ ಯೋಚಿಸಬೇಕು. ತಾಮ್ರದ ಅಲ್ಟ್ರಾ ಹೈ ಸ್ಪೀಡ್ ಕೇಬಲ್ ಮೂರು ಮೀಟರ್‌ವರೆಗೆ ನೆಮ್ಮದಿ, ಐದು ಮೀಟರ್ ದಾಟಿದರೆ ನಂಬುವುದು ಕಷ್ಟ. ಹತ್ತು ಮೀಟರ್ ಬೇಕು ಅಂದರೆ ಆಪ್ಟಿಕಲ್ ಎಚ್‌ಡಿಎಂಐ, ಅಂದರೆ ಸಿಗ್ನಲ್ ಅನ್ನು ಬೆಳಕಾಗಿ ಕಳಿಸುವ ಕೇಬಲ್ ತಗೊಳ್ಳಿ. ತೆಳ್ಳಗಿರುತ್ತದೆ, ಬಾಗುತ್ತದೆ, ಆದರೆ ಅದಕ್ಕೆ ದಿಕ್ಕು ಇದೆ: ಒಂದು ತಲೆ ಮೇಲೆ ಸೋರ್ಸ್, ಇನ್ನೊಂದರ ಮೇಲೆ ಡಿಸ್‌ಪ್ಲೇ ಅಂತ ಬರೆದಿರುತ್ತದೆ. ಎಲೆಕ್ಟ್ರಿಷಿಯನ್ ಅದನ್ನು ಉಲ್ಟಾ ಎಳೆದುಬಿಟ್ಟರೆ ಪೂರ್ತಿ ತೆಗೆದು ಮತ್ತೆ ಎಳೆಯಬೇಕು, ಹಾಗಾಗಿ ಎಳೆಯುವ ಮುಂಚೆ ನೆಲದ ಮೇಲೆ ಹಾಸಿ, ಎರಡೂ ಕಡೆ ಜೋಡಿಸಿ, ಚಿತ್ರ ಬರುವುದನ್ನು ನೋಡಿ ಆಮೇಲೆ ಎಳೆಸಿ.

2025ರ ಜೂನ್‌ನಲ್ಲಿ ಎಚ್‌ಡಿಎಂಐ 2.2 ಕೂಡ ಬಿಡುಗಡೆ ಆಗಿದೆ, 96 ಗಿಗಾಬಿಟ್, ಅದಕ್ಕೆ ಅಲ್ಟ್ರಾ96 ಅನ್ನುವ ಹೊಸ ಕೇಬಲ್. ಅದಕ್ಕಾಗಿ ಕಾಯಬೇಕಾ ಅಂತ ಕೇಳುತ್ತಿದ್ದಾರೆ. ಬೇಡ. ಈಗ ಮನೆಯಲ್ಲಿರುವ ಯಾವ ಸಾಧನವೂ 48 ಗಿಗಾಬಿಟ್‌ಗಿಂತ ಜಾಸ್ತಿ ಕಳಿಸುವುದಿಲ್ಲ. ಗೋಡೆಯೊಳಗೆ ಹಾಕಿಸುವವರು ಮಾತ್ರ ಒಂದು ಕೆಲಸ ಮಾಡಿ. ಕೇಬಲ್‌ನ ತಲೆ ಸಲೀಸಾಗಿ ದಾಟುವಷ್ಟು ದಪ್ಪದ ಪಿವಿಸಿ ಪೈಪ್ ಹಾಕಿಸಿ, ತಿರುವುಗಳಲ್ಲಿ ಚೂಪಾದ ಎಲ್ಬೋ ಬದಲು ಉದ್ದನೆಯ ಬೆಂಡ್ ಹಾಕಿಸಿ, ಒಳಗೆ ಎಳೆಯುವುದಕ್ಕೆ ಒಂದು ನೈಲಾನ್ ದಾರ ಬಿಡಿಸಿ. ಪ್ಲಾಸ್ಟರಿಂಗ್ ಶುರುವಾಗುವ ಮುಂಚೆ ಹೋಗಿ ಆ ದಾರವನ್ನು ಎರಡೂ ಕಡೆಯಿಂದ ಎಳೆದು ನೋಡಿ.